ಸುಮ್ನ ಬಂದೀನ್ರಿ

ನಮ್ಮ ಕಡೆ ಯಾರೂ ಸುಮ್ಮನೆ ಎಲ್ಲಿಗೂ ಹೋಗುವುದಿಲ್ಲ. ಹೋಗಲು ಒಂದು ಕಾರಣ ಬೇಕು, ಆ ಕಾರಣ ನಾಲ್ಕು ಮಂದಿಗೆ ಗೊತ್ತಿರಬೇಕು. ಮದುವೆ, ಕುಬಸ, ಜವಳ, ಮಣ್ಣು, ಜಾತ್ರೆ, ಕೋರ್ಟಿನ ತಾರೀಖು, ಹೊಲದ ಉತಾರ, ಹೆಣ್ಣು ನೋಡುವುದು, ಎತ್ತು ನೋಡುವುದು, ಮಿರಜಿನ ದವಾಖಾನೆಯಲ್ಲಿ ಮಲಗಿದವರನ್ನು ನೋಡುವುದು. ಇದ್ಯಾವುದೂ ಇಲ್ಲದೆ ಚಿಕ್ಕೋಡಿಯ ಸಂಸಾರಸ್ಥನೊಬ್ಬ ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೆ ಅವನ ಮನೆಯಲ್ಲಿ ಏನೋ ಆಗಿದೆ ಎಂದೇ ಲೆಕ್ಕ. ಒಬ್ಬನೇ ನಿಂತಿದ್ದರಂತೂ ಖಂಡಿತ ಆಗಿದೆ.

2020ರ ಚಳಿಗಾಲದಲ್ಲಿ ನಾನು ಹಾಗೆ ನಿಲ್ಲತೊಡಗಿದೆ. ಪುಣೆಯ ಕಂಪನಿಯೊಂದರ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಲಾಕ್‌ಡೌನಿಗೆ ತುಸು ಮುಂಚೆ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಊರಿಗೆ ಬಂದವನು, ಜೋಳದ ಚೀಲ ಇಡುವ ಕೋಣೆಯಲ್ಲಿ ಒಂದು ಟೇಬಲ್ ಹಾಕಿಕೊಂಡು ಅಲ್ಲೇ ಬೇರುಬಿಟ್ಟಿದ್ದೆ. ಸೋಮವಾರದಿಂದ ಶುಕ್ರವಾರದ ತನಕ ಪರದೆಯ ಚೌಕಗಳಲ್ಲಿ ಮುಖಗಳು, ಕಿವಿಯಲ್ಲಿ ಅವರವರ ಮನೆಯ ಕುಕ್ಕರಿನ ಸೀಟಿ. ಒಂದು ಸಂಜೆ ಚಹಾ ತಂದ ಅವ್ವನಿಗೆ ನಾನು, "ನನ್ನ ಧ್ವನಿ ಕೇಳಸ್ತೈತೇನ್ರಿ?" ಎಂದೆನಂತೆ. ಅವ್ವ ಗಾಬರಿಯಾಗಿ ಸೊಸೆಯ ಮುಖ ನೋಡಿದಳು. ಸೊಸೆ ನನ್ನ ಮುಖ ನೋಡಿ, "ರೀ, ನಾಳೆ ಸೂಟಿ ಐತಿ. ಎಲ್ಲೆರ ಒಂದೀಟು ಹೋಗಿಬರ್ರಿ" ಎಂದಳು.

"ಎಲ್ಲಿಗೆ?"

"ಎಲ್ಲಿಗೆರ."

ಊರಿನ ಹೆಸರಿಲ್ಲದೆ ಪರವಾನಗಿ ಸಿಕ್ಕದ್ದು ನಮ್ಮ ಮನೆತನದಲ್ಲಿ ಅದೇ ಮೊದಲು.

ಪಗಾರ ಕಡಿತವಾಗಿದ್ದ ಕಾಲ. ಹಾಗಾಗಿ ನಿಯಮ ಮಾಡಿಕೊಂಡೆ. ಖರ್ಚು ಇನ್ನೂರು ರೂಪಾಯಿ ದಾಟಕೂಡದು, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು, ಜೊತೆಗೆ ಯಾರನ್ನೂ ಕರೆಯಕೂಡದು. ಮೂರನೆಯದು ರೋಗದ ಭಯಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ಇನ್ನೂರರಲ್ಲಿ ಏನೆಲ್ಲ ಬರುತ್ತದೆ ಎಂದು ಕೇಳಬೇಡಿ. ಬುತ್ತಿ ಮನೆಯದೇ: ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಉಳಿದದ್ದು ಕೆಂಪು ಬಸ್ಸಿನ ಟಿಕೆಟು, ಊರಿಂದ ಊರಿಗೆ ಟಂಟಂ, ಚಹಾ, ಒಂದು ಪ್ಲೇಟು ಭಜಿ. ಇದರಲ್ಲೂ ನೂರು ರೂಪಾಯಿ ಬೇರೆ ಕಿಸೆಯಲ್ಲಿ ಮುಡಿಪು. ಮಾಸ್ಕಿನ ದಂಡ ಮಹಾನಗರಗಳಲ್ಲಿ 250, ಉಳಿದ ಕಡೆ 100 ಎಂದು ಸರಕಾರ ಅಕ್ಟೋಬರಿನಲ್ಲಿ ಇಳಿಸಿತ್ತಲ್ಲ, ಅದಕ್ಕೆ. ಎಲ್ಲಕ್ಕಿಂತ ಅಗ್ಗ ಪ್ಯಾಸೆಂಜರ್ ರೈಲು. ಆದರೆ ಅದು ಮಾರ್ಚಿನಲ್ಲೇ ನಿಂತಿತ್ತು. ಓಡುತ್ತಿದ್ದವು ಮೊದಲೇ ಸೀಟು ಕಾದಿರಿಸಬೇಕಾದ ಸ್ಪೆಷಲ್ ಗಾಡಿಗಳು. ರಾಯಬಾಗದಿಂದ ಪಕ್ಕದ ಚಿಂಚಲಿಗೆ ರಿಸರ್ವೇಶನ್ ಮಾಡಿಸಿಕೊಂಡು ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ.

ತಾನು ಎಲ್ಲಿಗೆ ಹೊರಟಿದ್ದೇನೆ ಎಂಬುದು ಆ ಚಳಿಗಾಲದಲ್ಲಿ ಸರಕಾರಕ್ಕೂ ಖಾತ್ರಿ ಇರಲಿಲ್ಲ. ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಎಂದರು. 24ಕ್ಕೆ, ಇನ್ನೇನು ಅದು ಜಾರಿಯಾಗಬೇಕು, ಇಲ್ಲ ಎಂದರು. ಬೆಂಗಳೂರಿನವರು ಇದಕ್ಕೆ ಬಹಳ ನಕ್ಕರಂತೆ. ಚಿಕ್ಕೋಡಿಯವರಿಗೆ ನಗು ಬರಲಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ನಮ್ಮ ಹೆಸರೂ ಬಂದು, ಆಮೇಲೆ ಹಿಂದಕ್ಕೆ ಹೋಯಿತು. ಪೇಡೆ ಬಾಯಲ್ಲಿರುವಾಗಲೇ ಜಿಲ್ಲೆಯಿಂದ ಮತ್ತೆ ತಾಲ್ಲೂಕಾದ ಮಂದಿ ನಾವು.

ಕರ್ಫ್ಯೂ ಪ್ರಸಂಗಕ್ಕೂ ಮೊದಲು, ಡಿಸೆಂಬರ್ 11ರಿಂದ 14ರವರೆಗೆ, ಸಾರಿಗೆ ನೌಕರರ ಮುಷ್ಕರ. ನನ್ನ ಶನಿವಾರ ಸರಿಯಾಗಿ ಅದರ ನಡುವೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ ನಾಯಿಗಳ ಹೊರತು ಯಾರೂ ಇಲ್ಲ. ಆದರೆ ಚಳಿಗಾಲದಲ್ಲಿ ನಮ್ಮ ಕಡೆ ಬಸ್ಸು ನಿಂತರೂ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಕಬ್ಬಿನ ಹಂಗಾಮು. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಹೊಳೆದಂಡೆಯ ಹೊಲಗಳಿಗೆ ಮರಳುವ ಖಾಲಿ ಡಬಲ್ ಟ್ರೇಲಿಗಳು ಒಂದರ ಹಿಂದೊಂದು. ಕೈ ಮಾಡಿದೆ. ಒಬ್ಬ ಹುಡುಗ ನಿಲ್ಲಿಸಿದ. ಮಡ್‌ಗಾರ್ಡಿನ ಮೇಲೆ ಗೋಣಿತಟ್ಟು ಹಾಸಿ ಕೂರಿಸಿಕೊಂಡ. ಅವನ ಸೌಂಡ್ ಬಾಕ್ಸು ನನ್ನ ಬೆನ್ನಿಗೇ ಇತ್ತು. ಹಾಡು ಕಿವಿಗಿಂತ ಮೊದಲು ಬೆನ್ನೆಲುಬಿಗೆ ಕೇಳುತ್ತಿತ್ತು.

"ಎಲ್ಲಿಗ್ರಿ ಕಾಕಾ?"

"ನೀ ಎಲ್ಲಿಗೆ?"

"ಯಡೂರ ಕಡೆ."

"ನಾನೂ ಅಲ್ಲಿಗೇ."

"ಯಾರ ಮನಿಗ್ರಿ?"

"ಯಾರ ಮನಿಗೂ ಇಲ್ಲ. ಸುಮ್ನ."

ಹುಡುಗ ಹಾಡು ಸಣ್ಣದು ಮಾಡಿದ. ಮದುವೆಯೇ? ಅಲ್ಲ. ಹೊಲ ಖರೀದಿಯೇ? ಅಲ್ಲ. ಯಾರಾದರೂ ತೀರಿಕೊಂಡರೇ? ಇಲ್ಲಪ್ಪ. ಸ್ವಲ್ಪ ದೂರ ಹೋದ ಮೇಲೆ ಅವನಿಗೆ ಸಮಾಧಾನವಾಯಿತು. "ಹಂಗಾರ ವೀರಭದ್ರನ ಹರಕಿ ಇರಬೇಕ ತಗೋರಿ" ಎಂದು ತಾನೇ ತೀರ್ಮಾನ ಕೊಟ್ಟು ಹಾಡು ಮತ್ತೆ ಜೋರು ಮಾಡಿದ. ಇಳಿಯುವಾಗ ಇಪ್ಪತ್ತು ರೂಪಾಯಿ ಚಾಚಿದರೆ ತೆಗೆದುಕೊಳ್ಳಲಿಲ್ಲ. ಸೀಟಿನಡಿಯಿಂದ ಒಂದು ಗಳ ಕಬ್ಬು ಎಳೆದು ಕೊಟ್ಟ. ಹರಕೆಯವರ ಹತ್ತಿರ ದುಡ್ಡು ಮುಟ್ಟುವುದಿಲ್ಲವಂತೆ.

ಯಡೂರಿನಲ್ಲಿ ವೀರಭದ್ರ ದೊಡ್ಡ ದೇವರು. ಆದರೆ ನಾನು ನೋಡಬೇಕೆಂದಿದ್ದು ಒಂದು ನಂದಿಯನ್ನು. ಕೃಷ್ಣೆಯ ಆಚೆ ಈಚೆ ಎರಡೂ ಕಡೆಯ ಜನ ಹೇಳುವ ಕತೆ ಇದು: ಮೇಲಕ್ಕೆ ಹೊಳೆಯ ದಂಡೆಯಲ್ಲಿ ಖಿದ್ರಾಪುರ ಅಂತ ಊರು, ಅಲ್ಲಿ ಕೋಪೇಶ್ವರನ ಗುಡಿ, ಶಿಲಾಹಾರರ ಕಾಲದ್ದು. ದಕ್ಷಯಜ್ಞಕ್ಕೆ ಹೊರಟ ಸತಿಯ ಜೊತೆ ನಂದಿ ಯಡೂರಿಗೆ ಬಂದ, ಸತಿ ಅಲ್ಲೇ ಹೋದಳು, ನಂದಿ ಅಲ್ಲೇ ಉಳಿದ. ಇತ್ತ ಶಿವ ಸಿಟ್ಟು ಮಾಡಿಕೊಂಡು ಖಿದ್ರಾಪುರದಲ್ಲಿ ಕೂತ. ಹೀಗಾಗಿ ಅಲ್ಲಿ ಶಿವನಿದ್ದಾನೆ, ಎದುರಿಗೆ ನಂದಿ ಇಲ್ಲ. ಇಲ್ಲಿ ನಂದಿ ಇದ್ದಾನೆ, ಒಡೆಯ ಇಲ್ಲ. ಈಗಿನ ನಕ್ಷೆಯ ಪ್ರಕಾರ ಶಿವ ಮಹಾರಾಷ್ಟ್ರದವನು, ನಂದಿ ಕರ್ನಾಟಕದವನು. ನಮ್ಮ ರಾಜ್ಯಗಳ ವಿಂಗಡಣೆಯಾದದ್ದು 1956ರಲ್ಲಿ. ಇವರಿಬ್ಬರದು ಅದಕ್ಕಿಂತ ಎಷ್ಟೋ ಹಿಂದೆಯೇ ಆಗಿಹೋಗಿತ್ತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ನಿಪ್ಪಾಣಿ ಅತ್ತ, ಅಕ್ಕಲಕೋಟೆ ಇತ್ತ ಎಂದು ಊರೂರು ಅಳೆದು ಕಾಗದದ ಮೇಲೆ ಹಂಚಿತು. ಈ ಪ್ರಕರಣ ಅವರ ಕೈಗೆ ಬಂದಂತಿಲ್ಲ.

ಹೊಳೆಯ ಕಡೆಯ ಓಣಿಯಲ್ಲಿ ಗೋಡೆಗಳ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಕೆಸರಿನದೊಂದು ಗೆರೆ. 2019ರ ಆಗಸ್ಟ್‌ ಮಹಾಪೂರದ ಗೆರೆ. ಒಬ್ಬರು ಸುಣ್ಣ ಹೊಡೆಸಿದರೂ ಗೆರೆಯ ಕೆಳಗಷ್ಟೇ ಹೊಡೆಸಿದ್ದರು. ಯಾಕೆ ಎಂದರೆ, "ಇರಲ್ರಿ, ನೆನಪಿಗೆ" ಎಂದರು. ಆ ನೀರಿನ ಮುಂದೆ ಈ ರೋಗ ಏನು ಮಹಾ ಎಂಬ ಧಾಟಿ ಹೊಳೆದಂಡೆಯ ಊರುಗಳಲ್ಲೆಲ್ಲ ಇತ್ತು. ಆಗಿನ್ನೂ ಡಿಸೆಂಬರ್, ಏಪ್ರಿಲ್ ಬಂದಿರಲಿಲ್ಲ.

ರಾಯಬಾಗದ ಕಡೆ ಹೋದಾಗ ಗ್ರಾಮ ಪಂಚಾಯಿತಿ ಚುನಾವಣೆಯ ಕಾವು. ಡಿಸೆಂಬರ್ 22ಕ್ಕೊಂದು ಹಂತ, 27ಕ್ಕೊಂದು ಹಂತ. ಅಂಥ ಹೊತ್ತಿನಲ್ಲಿ, ಮೂಗು ಬಾಯಿ ಎರಡನ್ನೂ ಮುಚ್ಚುವ ಹಾಗೆ ಮಾಸ್ಕು ಕಟ್ಟಿದ, ಬಗಲಲ್ಲಿ ಚೀಲ ಇರುವ, ಯಾರ ಮನೆಗೂ ಹೋಗದ ಮನುಷ್ಯ ಊರಲ್ಲಿ ಕಾಣಿಸಿಕೊಂಡರೆ ಅವನು ಯಾರು? ಚುನಾವಣೆಯ ಸಾಹೇಬ. ನಾನು ಓಣಿ ಹೊಕ್ಕ ಕೂಡಲೇ ಕಟ್ಟೆಯ ಮೇಲಿನ ಮಾತು ನಿಂತಿತು. ಗದ್ದದ ಮೇಲಿದ್ದ ಮಾಸ್ಕುಗಳೆಲ್ಲ ಒಮ್ಮೆಲೇ ಮೂಗಿಗೆ ಏರಿದವು. ಒಂದು ಮನೆಯ ಅಂಗಳದಲ್ಲಿ ಹಾಸಿದ್ದ ಜಮಖಾನೆ ನೋಡನೋಡುತ್ತ ಸುರುಳಿಯಾಯಿತು. ಚಹಾದಂಗಡಿಯವ ರೊಕ್ಕ ಮುಟ್ಟಲಿಲ್ಲ. ಒಬ್ಬ ತರುಣ ಬಂದು ಕೈಮುಗಿದು, "ನಮ್ಮದೇನೂ ಇಲ್ರಿ ಸಾಹೇಬ್ರ. ಬರೇ ಚುರಮರಿ ಹಂಚಾಕತ್ತೀವಿ" ಎಂದ. ನಾನು ಸಾಹೇಬನಲ್ಲ ಎಂದೆ. ನಿಜವಾದ ಸಾಹೇಬರೂ ಹಾಗೇ ಅನ್ನುತ್ತಾರಂತೆ. ಅವನು ಅತ್ತ ಹೋದ ಮೇಲೆ ಇನ್ನೊಬ್ಬ ಹತ್ತಿರ ಬಂದು, ಚುರಮರಿ ಮುಂಬಾಗಿಲಿನದು, ನೋಡುವುದಿದ್ದರೆ ಹಿಂದಿನ ತೋಟ ನೋಡಿರಿ ಎಂದು ಪಿಸುಗುಟ್ಟಿದ.

ತೋಟದ ದಾರಿ ಹಿಡಿದೆ, ನೋಡುವುದಕ್ಕಲ್ಲ, ತಪ್ಪಿಸಿಕೊಳ್ಳುವುದಕ್ಕೆ. ಈ ಕಡೆಯ ರೈತರಲ್ಲಿ ಬಹಳ ಮಂದಿ ಊರೊಳಗೆ ಇರುವುದಿಲ್ಲ, ತೋಟದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಎರಡು ಎಕರೆ ಕಬ್ಬು. ಅಲ್ಲಿ ಅರಿಷಿಣ ಒಣ ಹಾಕುತ್ತಿದ್ದ ಅಜ್ಜಿಯೊಬ್ಬಳನ್ನು, "ಆರು ಅಡಿ ದೂರ ಇರ್ರಿ ಅಂತ ಹೇಳ್ತಾರಲ್ಲ ಆಯಿ, ಹೆಂಗ?" ಎಂದು ಕೇಳಿದೆ. "ಆರು ಅಡಿ?" ಎಂದು ಅವಳು ಕಬ್ಬಿನ ಪಡದ ಆಚೆಗೆ ಕೈ ತೋರಿಸಿದಳು. "ನಮ್ಮ ನೆಗೆಣ್ಣಿ ಅಲ್ಲಿ ಅದಾಳ. ನಮ್ಮಿಬ್ಬರದು ಮೂವತ್ತ ವರ್ಷ ಆತು."

ಚಿಂಚಲಿಯಲ್ಲಿ ಮಾಯಕ್ಕನ ಗುಡಿ ಮುಚ್ಚಿತ್ತು. ಸವದತ್ತಿ ಎಲ್ಲಮ್ಮನಿಗೂ ಇವಳಿಗೂ ಮಹಾರಾಷ್ಟ್ರದ ಭಕ್ತರೇ ಬಹಳ; ಗಡಿಯಾಚೆಯಿಂದ ಮಂದಿ ಬಂದು ಸೇರಬಾರದೆಂದು ಎರಡಕ್ಕೂ ಬೀಗ. ಮಾಘದ ಹುಣ್ಣಿಮೆಗೆ ಎತ್ತಿನ ಬಂಡಿಗಳ ಸಾಲಿನಲ್ಲಿ ಕೊಲ್ಹಾಪುರ, ಸಾಂಗಲಿ ಕಡೆಯವರು ಬಂದು ತುಂಬುವ ಬಯಲಲ್ಲಿ ಆಗ ಎರಡು ಆಡು ಮೇಯುತ್ತಿದ್ದವು. ಸಣ್ಣವನಿದ್ದಾಗ ಇದೇ ಜಾತ್ರೆಯಲ್ಲಿ ಅವ್ವನ ಸೆರಗು ತಪ್ಪಿ ಅತ್ತಿದ್ದೇನೆ. ಬಯಲು ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಮಂದಿ ಇದ್ದಾಗ ಅದಕ್ಕೆ ಅಂಚೇ ಕಾಣುತ್ತಿರಲಿಲ್ಲ.

ಬೀಗದ ಮಾತು ಹೇಳಬೇಕು. ಕಬ್ಬಿಣದ ಬಾಗಿಲಿಗೆ ಹಾಕಿದ್ದ ದಪ್ಪನೆಯ ಬೀಗ. ದೇವಿ ಕಾಣದಿದ್ದರೇನು, ಬಂದವರು ಬೀಗಕ್ಕೇ ಭಂಡಾರ ಹಚ್ಚಿ ಹೋಗಿದ್ದರು. ಮೇಲೆ ಮೇಲೆ ಹಚ್ಚಿ ಅದು ಹಳದಿ ಉಂಡೆಯಾಗಿತ್ತು, ಕೀಲಿಕೈ ತೂರುವ ಕಿಂಡಿಯೂ ಮುಚ್ಚಿಹೋಗಿತ್ತು. ಚಿಲಕದ ಸಂದಿಯಲ್ಲಿ ನಾಲ್ಕು ಹಸಿರು ಬಳೆ, ಕೆಳಗೆ ಒಡೆದ ಕಾಯಿಯ ಹೋಳು. ನನ್ನ ಮುಂದೆಯೇ ಒಬ್ಬಳು ಬಂದು ಬೀಗಕ್ಕೆ ಹಣೆ ಹಚ್ಚಿ, ಹಿಂದಕ್ಕೆ ಸರಿದು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹೋದಳು. ಮುಂದೆ ಆ ಬೀಗ ತೆರೆಯಬೇಕಾದವರ ಫಜೀತಿ ನೆನೆದೆ.

ನಿಪ್ಪಾಣಿಯಲ್ಲಿ ನನಗೆ ಸೀನು ಬಂತು. ಮಾಮೂಲು ದಿನಗಳಲ್ಲಿ ಇದು ಸುದ್ದಿಯಲ್ಲ. ತಂಬಾಕಿನ ವಖಾರಿಗಳ ಓಣಿಯಲ್ಲಿ ನಡೆದರೆ ಗಾಳಿಯಲ್ಲೇ ಸೂಕ್ಷ್ಮವಾದ ಧೂಳು, ಮೂಗಿನ ಮೇಲ್ಭಾಗಕ್ಕೆ ಏರಿ ಕೂರುತ್ತದೆ. ನಿಪ್ಪಾಣಿಯವರಿಗೆ ಏನೂ ಆಗುವುದಿಲ್ಲ; ಪರಸ್ಥಳದವರು ಮಾತ್ರ ಸೀನುತ್ತಾರೆ. ಆದರೆ ಅದು ಸೀನುವ ಕಾಲವಲ್ಲವಲ್ಲ. ಓಣಿಯಲ್ಲಿ ಹೇಗೋ ತಡೆದೆ. ಚಿಕ್ಕೋಡಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಬಂತು, ಒಂದರ ಹಿಂದೊಂದು. ಪಕ್ಕದವನು ಎದ್ದ. ಮುಂದಿನ ಸೀಟಿನವರು ಎದ್ದರು. ಮಗುವೊಂದನ್ನು ತಾಯಿ ಸೆರಗಿನಲ್ಲಿ ಮುಚ್ಚಿದಳು. ಕಂಡಕ್ಟರ್ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ, "ವಖಾರಿ ಓಣ್ಯಾಗ ಹೋಗಿದ್ರೇನ್ರಿ?" ಎಂದ. ಹೌದೆಂದು ತಲೆ ಆಡಿಸಿದೆ. ಅವನು ಬಸ್ಸಿಗೆಲ್ಲ ಕೇಳುವ ಹಾಗೆ, "ಕೂಡ್ರಿ ಕೂಡ್ರಿ! ತಂಬಾಕದ್ದೈತಿ, ರೋಗದ್ದಲ್ಲ!" ಎಂದು ಸಾರಿದ. ಯಾವ ದವಾಖಾನೆಯ ರಿಪೋರ್ಟೂ ಅಷ್ಟು ಬೇಗ ಬರುತ್ತಿರಲಿಲ್ಲ. ಜನ ನಂಬಿ ಕೂತರು.

ಸೀನಿನ ಕತೆ ಬಿಡಿ, ಆ ಊರಿನ ಮುಂದೆ ಅದು ಸಣ್ಣದು. ಮನೆಯ ಹೊಸ್ತಿಲಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರನ್ನು ನೋಡುತ್ತ ನಿಂತಿದ್ದೆ. ಕತ್ತರಿಯಲ್ಲಿ ಎಲೆ ಕತ್ತರಿಸಿ, ಚಿಟಿಕೆ ಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ದಾರ ಬಿಗಿದು ಇನ್ನೊಂದಕ್ಕೆ ಕೈ ಹಾಕುತ್ತಾರೆ. ಎಣಿಕೆ ಸಾವಿರದ ಲೆಕ್ಕದಲ್ಲಿ. ಮಾತು ನಿಲ್ಲುವುದಿಲ್ಲ, ಕಣ್ಣು ಕೆಳಗೆ ಹೋಗುವುದಿಲ್ಲ. ಇಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಹೋರಾಟದ ಮೇಲೆ ದೀಪಾ ಧನರಾಜ್ ಮತ್ತು ಯುಗಾಂತರ ತಂಡದವರು 1982ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೂ ಒಂದು ವರ್ಷ ಮುಂಚೆ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲೇ ಕೂತಿದ್ದರು. 1981ರ ಏಪ್ರಿಲ್ 6ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಪುಣೆಗೆ ಹೋಗುವಾಗೆಲ್ಲ ನಾನು ರಾತ್ರಿ ಬಸ್ಸಿನಲ್ಲಿ ಮಲಗಿಯೇ ಆ ಜಾಗ ದಾಟಿದ್ದೇನೆ. ಹಗಲಲ್ಲಿ, ನಡೆದು, ಅಲ್ಲಿ ನಿಂತದ್ದು ಆ ಚಳಿಗಾಲದಲ್ಲೇ.

ಒಂದು ವಾರ ಭೋಜ, ಇನ್ನೊಂದು ವಾರ ಸದಲಗಾ, ಮತ್ತೊಂದು ವಾರ ಶೇಡಬಾಳ. ಅಗ್ಗದ ತಿರುಗಾಟದ ಬಗ್ಗೆ ಬೀಗುತ್ತಿದ್ದ ನನಗೆ ಈ ಮೂರು ಊರು ಸರಿಯಾದ ಪಾಠ ಕಲಿಸಿದವು. ವೇದಗಂಗಾ ದೂಧಗಂಗಾ ಕೂಡುವಲ್ಲಿರುವ ಭೋಜ, ದಿಗಂಬರ ಜೈನರ ಆಚಾರ್ಯ ಶಾಂತಿಸಾಗರರ ಊರು, ಹುಟ್ಟಿದ್ದು 1872ರಲ್ಲಿ. ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದವರು ಆಚಾರ್ಯ ವಿದ್ಯಾನಂದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಹುಡುಗ 1968ರಲ್ಲಿ ಅಜ್ಮೇರದಲ್ಲಿ ದೀಕ್ಷೆ ಪಡೆದು ಆಚಾರ್ಯ ವಿದ್ಯಾಸಾಗರರಾದರು. ಮೂವರೂ ಮನೆಬಿಟ್ಟರು, ಉತ್ತರದ ತನಕ ನಡೆದರು. ದಿಗಂಬರ ಮುನಿಗಳಿಗೆ ವಾಹನವಿಲ್ಲ, ಹಣವಿಲ್ಲ, ಬಟ್ಟೆಯೂ ಇಲ್ಲ. ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲ. ದಿನಕ್ಕೊಂದೇ ಊಟ, ಅದೂ ನಿಂತು, ಬೊಗಸೆಯಲ್ಲಿ. ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನೆಲೆ, ಉಳಿದಂತೆ ನಡಿಗೆ. ಇನ್ನೂರು ರೂಪಾಯಿಯ ನಿಯಮದ ಬಗ್ಗೆ ಸದಲಗಾದ ಹೋಟೆಲಿನಲ್ಲಿ ಯಾರಿಗೋ ಹೇಳಹೊರಟವನು ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ. ಕಾರಣ ಹೇಳದೆ ಊರು ಬಿಟ್ಟು ಹೋದವರನ್ನು ಈ ಸೀಮೆ ಪೂಜಿಸುತ್ತದೆ. ಸಂಜೆಗೆ ವಾಪಸು ಬರುವವರ ಮೇಲಷ್ಟೇ ಅದಕ್ಕೆ ಸಂಶಯ.

ಅಥಣಿಯಲ್ಲಿ ಮಾತ್ರ ನನ್ನ ಬಜೆಟ್ಟು ಕೆಟ್ಟಿತು. ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವ ಚಪ್ಪಲಿಯಲ್ಲಿ ಬಹಳಷ್ಟನ್ನು ಮಾಡುವವರು ಅಥಣಿ, ನಿಪ್ಪಾಣಿ, ಮದಭಾವಿಯ ಕಡೆಯವರು. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿತು. ಹೆಸರು ಮಾತ್ರ ಕೊಲ್ಹಾಪುರದ್ದೇ ಉಳಿಯಿತು. ಓಣಿಯೊಂದರಲ್ಲಿ ಮನೆಯೇ ಕೆಲಸದ ಜಾಗ. ಜಾಲಿಯ ತೊಗಟೆ, ಅಣಲೆಕಾಯಿ ಹಾಕಿ ಹದ ಮಾಡಿದ ಚರ್ಮದ ವಾಸನೆ ಬಾಗಿಲಲ್ಲೇ ಎದುರಾಗುತ್ತದೆ. ಒಳಗೆ ಕಾಕಾ ಒಬ್ಬರು ಕಲ್ಲಿನ ಮೇಲೆ ಅಟ್ಟೆ ಇಟ್ಟು ಬಡಿಯುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು ಮೇಲಿನ ಪಟ್ಟಿಗೆ ಚರ್ಮದ ಎಳೆಗಳ ಜಡೆ ಹೆಣೆಯುತ್ತಿದ್ದಳು, ಹುಲ್ಲುಕಡ್ಡಿಯಷ್ಟು ಸಣ್ಣ ಎಳೆಗಳು. ಇಡೀ ಚಪ್ಪಲಿಯಲ್ಲಿ ಒಂದು ಮೊಳೆ ಇಲ್ಲ, ಹೊಲಿಗೆಯೂ ಚರ್ಮದ್ದೇ. ಆ ವರ್ಷ ಮೇಳಗಳಿಲ್ಲ, ಪ್ರದರ್ಶನಗಳಿಲ್ಲ, ಹೊರದೇಶದ ಆರ್ಡರು ನಿಂತಿತ್ತು. ಮಾಡಿಟ್ಟ ಜೋಡುಗಳು ಗೋಡೆಗೆ ನೇತಾಡುತ್ತಿದ್ದವು.

"ಯಾವೂರ್ರಿ?"

"ಚಿಕ್ಕೋಡಿ."

"ಏನ್ ಕೆಲಸಿತ್ರಿ ಇಲ್ಲಿ?"

"ಸುಮ್ನ ಬಂದೀನ್ರಿ ಕಾಕಾ."

ಅವರು ಬಡಿಯುವುದನ್ನು ನಿಲ್ಲಿಸಿ ನನ್ನ ಕಾಲು ನೋಡಿದರು. ರಬ್ಬರಿನ ಚಪ್ಪಲಿ, ಹಿಮ್ಮಡಿಯ ಕಡೆ ಸವೆದದ್ದು. ಏನೂ ಅನ್ನಲಿಲ್ಲ. ಬೆಲೆ ಕೇಳಿದೆ. ನನ್ನ ನಿಯಮಕ್ಕೆ ಎಡಗಾಲಿನದೂ ಬರುವಂತಿರಲಿಲ್ಲ. ದುಡ್ಡು ತಂದಿಲ್ಲ ಎಂದೆ. "ದುಡ್ಡ ಈಗ ಯಾರು ಕೇಳಿದ್ರಿ? ಕಾಲು ಕೊಡ್ರಿ" ಎಂದು ಒಂದು ರಟ್ಟು ಹಾಸಿ, ಕಾಲು ಇಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಹೆಬ್ಬೆರಳಿನ ಹತ್ತಿರ ಎರಡು ಸಲ. "ಮುಂದಿನ ವಾರ ಬರ್ರಿ."

ಆ ವಾರ ನನ್ನ ಬದುಕು ಸುಗಮವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಯಾರು ಕೇಳಿದರೂ ಉತ್ತರ ಸಿದ್ಧ: ಅಥಣಿಗೆ, ಚಪ್ಪಲಿ ತರಲಿಕ್ಕೆ. ಅವ್ವ ನೆರೆಹೊರೆಯವರಿಗೆಲ್ಲ ಧೈರ್ಯವಾಗಿ ಹೇಳಿಬಂದಳು. ಕಂಡಕ್ಟರ್ ಒಳ್ಳೇದಾತು ಎಂದ. ಹೊಸ ಜೋಡಿಗೆ ಎಣ್ಣೆ ಹಚ್ಚಿ ಎರಡು ರಾತ್ರಿ ಇಟ್ಟು ಮೆಟ್ಟಿದರೂ ಮೊದಲ ದಿನಗಳು ಅದು ಕಚ್ಚಿತು. ಆಮೇಲೆ ಅದೂ ನಾನೂ ಹೊಂದಿಕೊಂಡೆವು. ಎಲ್ಲಿ ಹೋದರೂ ಕರ್ ಕರ್ ಎಂದು ಮೊದಲೇ ಸಾರುವುದರಿಂದ ಮತ್ತೆ ನನ್ನನ್ನು ಯಾರೂ ಗುಪ್ತವಾಗಿ ಬಂದ ಸಾಹೇಬ ಎಂದುಕೊಳ್ಳಲಿಲ್ಲ.

ನಂದಿಯನ್ನು ನೋಡಿದ ಮೇಲೆ ಒಡೆಯನನ್ನೂ ನೋಡಬೇಕಲ್ಲ. ಜನವರಿಯಲ್ಲಿ ಸಂಕ್ರಾಂತಿಯ ಕುಸುರೆಳ್ಳು ಕಿಸೆಯಲ್ಲಿ ಹಾಕಿಕೊಂಡು ಕಾಗವಾಡ, ಶಿರಗುಪ್ಪಿ ದಾಟಿ ಜುಗೂಳಕ್ಕೆ ಹೋದೆ. ಜುಗೂಳ ಈ ದಂಡೆ, ಖಿದ್ರಾಪುರ ಆ ದಂಡೆ, ನಡುವೆ ಕೃಷ್ಣೆ. ರಸ್ತೆಯಿಂದ ಸುತ್ತು ಹಾಕಿದ್ದರೆ ನನ್ನ ಇನ್ನೂರು ಅರ್ಧ ದಾರಿಗೇ ಮುಗಿಯುತ್ತಿತ್ತು. ನಾವೆಯಲ್ಲಾದರೆ ಚಹಾದ ದುಡ್ಡು. ನಾನೊಬ್ಬನೇ ಗಿರಾಕಿ. ನಾವಿಕ ಮಾಮಾ ಹುಟ್ಟು ಹಾಕುತ್ತ ಎಲ್ಲರಂತೆ ಸುರು ಮಾಡಿದ. ಮದುವೆ ಅಲ್ಲ, ಹರಕೆ ಅಲ್ಲ, ನೌಕರಿಯ ಮೇಲೆ ಬಂದದ್ದೂ ಅಲ್ಲ. ನಡು ಹೊಳೆಯಲ್ಲಿ ಅವನಿಗೆ ಹೊಳೆಯಿತು. ಹುಟ್ಟು ನಿಲ್ಲಿಸಿ ಮೆಲ್ಲಗೆ ಕೇಳಿದ:

"ಮನ್ಯಾಗ ಜಗಳಾಡಿ ಬಂದೀರೇನ್ರಿ?"

ಇಲ್ಲವೆಂದೆ. ಎಲ್ಲರೂ ಇಲ್ಲವೆಂದೇ ಅನ್ನುತ್ತಾರೆ ಎಂಬಂತೆ ತಲೆ ಆಡಿಸಿದ.

ಕೋಪೇಶ್ವರನ ಗುಡಿಯ ಮುಂದೆ ಸ್ವರ್ಗಮಂಟಪ ಅಂತ ಇದೆ. ಸುತ್ತ ಕಂಬಗಳು, ನಡುವೆ ಚಾವಣಿಯೇ ಇಲ್ಲ. ದುಂಡಗೆ ಬಿಟ್ಟ ದೊಡ್ಡ ಬಯಲು ಕಿಂಡಿ. ಅದರ ಕೆಳಗೆ ದುಂಡು ಹಾಸುಗಲ್ಲು. ಮಧ್ಯಾಹ್ನದ ಬಿಸಿಲು ಇಳಿದು ಆ ಕಲ್ಲಿನ ಮೇಲೆ ನಿಂತಿತ್ತು. ಗೋಡೆಯ ಬುಡದಲ್ಲಿ ಆನೆಗಳ ಸಾಲು ಗುಡಿಯನ್ನು ಹೊತ್ತು ನಿಂತಿದೆ. ಕಂಬ ಗೋಡೆಗಳಲ್ಲಿ ಶಾಸನಗಳು, ಹೆಚ್ಚಿನವು ಹಳಗನ್ನಡದವು. ದಕ್ಷಿಣದ ಬಾಗಿಲ ಹತ್ತಿರ ಯಾದವ ಸಿಂಘಣನದು ಸಂಸ್ಕೃತದಲ್ಲಿ. ಗರ್ಭಗುಡಿಯಲ್ಲಿ ಲಿಂಗಗಳು ಎರಡು. ಒಂದು ಸಿಟ್ಟಾದ ಶಿವ, ಇನ್ನೊಂದು ಅವನನ್ನು ಸಮಾಧಾನ ಮಾಡಲು ಬಂದು ಕೂತ ವಿಷ್ಣು. ಕ್ವಾರಂಟೈನಿನಲ್ಲೂ ಒಬ್ಬ ಜೊತೆಗಾರ ಬೇಕೆಂಬುದು ಹಿಂದಿನವರಿಗೆ ಗೊತ್ತಿತ್ತು. ಸುತ್ತಮುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ನಂದಿ ಯಡೂರಿನಲ್ಲಿ ಆರಾಮ ಇದ್ದಾನೆ ಎಂದು ಕನ್ನಡದಲ್ಲೇ ತಿಳಿಸಿದೆ. ನಾಲ್ಕು ಕುಸುರೆಳ್ಳು ಅಲ್ಲಿಟ್ಟೆ.

ವಾಪಸು ಬರುವಾಗ ಮಾಮಾ ದುಡ್ಡು ಮುಟ್ಟಲಿಲ್ಲ. "ಸೀದಾ ಮನಿಗೆ ಹೋಗ್ರಿ. ಹೆಣ್ಣಮಕ್ಕಳ ಮಾತು ಮನಸಿಗೆ ಹಚ್ಚಿಕೊಳ್ಳಬಾರದು" ಎಂದ. ಆ ಚಳಿಗಾಲದ ಲೆಕ್ಕ ಬರೆದಿಟ್ಟ ಪುಸ್ತಕ ಇನ್ನೂ ಇದೆ. ಇನ್ನೂರು ಪೂರ್ತಿ ಖರ್ಚಾದ ದಿನಗಳು ಕಡಿಮೆ. ಟ್ರ್ಯಾಕ್ಟರಿನವನು, ಚಹಾದವನು, ಚಪ್ಪಲಿಯವನು, ನಾವೆಯವನು, ಒಬ್ಬೊಬ್ಬರಿಗೂ ನಾನು ಒಬ್ಬೊಬ್ಬ. ಯಾರ ಲೆಕ್ಕದಲ್ಲೂ ಪ್ರವಾಸಿಗನಲ್ಲ.

ಫೆಬ್ರವರಿ ನಡುವೆ ಮಹಾರಾಷ್ಟ್ರದಲ್ಲಿ ರೋಗ ಮತ್ತೆ ಏರಿತು. ಅಲ್ಲಿಂದ ಬರುವವರಿಗೆ ಆರ್‌ಟಿಪಿಸಿಆರ್ ನೆಗೆಟಿವ್ ಇರಲೇಬೇಕೆಂದು ಆದೇಶ ಬಂತು. ನಿಪ್ಪಾಣಿಯಾಚೆ ಕೊಗನೊಳಿ ಟೋಲ್ ನಾಕಾದಲ್ಲಿ, ಇತ್ತ ಕಾಗವಾಡದಲ್ಲಿ ತಪಾಸಣೆ. ನಿಪ್ಪಾಣಿಗೆ ಅಂಟಿಕೊಂಡಿರುವ ದೇವಚಂದ ಕಾಲೇಜಿನ ವಿಳಾಸವೇ ಕೊಲ್ಹಾಪುರ ಜಿಲ್ಲೆ, ಕಾಗಲ ತಾಲ್ಲೂಕು. ಇಂಥ ಕಡೆ ಗೆರೆ ಎಲ್ಲಿ ಎಳೆಯುವುದು? ಕಾಗವಾಡದಲ್ಲಿ ಒಬ್ಬ ಪೊಲೀಸಪ್ಪ ರಿಜಿಸ್ಟರು ತೆರೆದು ಕೇಳಿದ, ಯಾಕ ಬಂದೀರಿ? ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳುವ ಅಧಿಕಾರ ಇದ್ದ ಮೊದಲ ಮನುಷ್ಯ. ಸುಮ್ಮನೆ ಎಂದೆ. ಅವನು ಪುಟದ ಉದ್ದಕ್ಕೂ ಬೆರಳಾಡಿಸಿ, "ಹಂಗ ಬರಿಯಾಕ ಬರಂಗಿಲ್ರಿ" ಎಂದು, ಮದುವೆ ಎಂದು ಬರೆದುಕೊಂಡ.

ಎರಡನೆಯ ಅಲೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮಣ್ಣಿಗೂ ಹೋಗಲಾಗದ ತಿಂಗಳುಗಳು ಅವು.

ಮರುವರ್ಷದ ಚಳಿಗಾಲಕ್ಕೆ ಸರಕಾರ ವಾರಾಂತ್ಯಕ್ಕೇ ಕೈ ಹಾಕಿತು. 2022ರ ಜನವರಿ 7ರಿಂದ, ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ಬೆಳಗಿನ ಐದರವರೆಗೆ ಕರ್ಫ್ಯೂ. ರೋಗ ಐದು ದಿನ ಕೆಲಸ ಮಾಡಿ ಶನಿವಾರ ಭಾನುವಾರ ತಿರುಗಾಡಲು ಹೊರಡುತ್ತದೆ ಎಂದು ಅವರಿಗೆ ಯಾರು ಹೇಳಿದರೋ. 21ಕ್ಕೆ ತೆಗೆದರು. ಶಿವರಾತ್ರಿಯ ಹಿಂದಿನ ಭಾನುವಾರ ಖಿದ್ರಾಪುರಕ್ಕೆ ಹೋಗಿಬರುತ್ತೇನೆ ಎಂದು ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. "ಶಿವರಾತ್ರಿಗೆ ಅಂದ್ರ ನಾನೂ ಬರ್ತೀನಿ" ಎಂದಳು ಅವ್ವ. ಅವ್ವ ಬಂದರೆ ಸೊಸೆ, ಸೊಸೆ ಬಂದರೆ ಮಕ್ಕಳು, ಮಕ್ಕಳು ಬಂದರೆ ಅವರ ಸೋದರತ್ತೆ. ಬಾಡಿಗೆ ಕ್ರೂಸರ್ ಬಾಗಿಲಿಗೆ ಬಂದು ನಿಂತಾಗ ಓಣಿಯ ಇನ್ನಿಬ್ಬರು ಆಯಿಗಳು ಒಳಗೆ ಕೂತಾಗಿತ್ತು. ಇನ್ನೂರರ ನಿಯಮ ಡೀಸೆಲ್ಲಿಗೂ ಸಾಲಲಿಲ್ಲ. ನನಗೆ ಹಿಂದಿನ ಸೀಟಿನಲ್ಲಿ, ಬುತ್ತಿಯ ಗಂಟು ಮತ್ತು ಮೊಸರಿನ ಡಬ್ಬಿಯ ನಡುವೆ ಜಾಗ.

ಜುಗೂಳದಲ್ಲಿ ಅದೇ ಮಾಮಾ ನಾವೆ ಹಗ್ಗ ಹಿಡಿದು ನಿಂತಿದ್ದ. ನನ್ನನ್ನು ನೋಡಿದ. ನನ್ನ ಹಿಂದೆ ಇಳಿಯುತ್ತಿದ್ದ ಹೆಂಡತಿಯನ್ನು ನೋಡಿದ. ಮುಖ ಅರಳಿತು.

"ರಾಜಿ ಆತೇನ್ರಿ?" ಎಂದ, ಹೊಳೆಗೆಲ್ಲ ಕೇಳುವ ಹಾಗೆ.

ಹೆಂಡತಿ ನನ್ನ ಕಡೆ ತಿರುಗಿದಳು. ಅವ್ವ ತಿರುಗಿದಳು. ಆಯಿಗಳಿಬ್ಬರೂ ಸೆರಗು ಸರಿಮಾಡಿಕೊಂಡು ಕೇಳಲು ಸಿದ್ಧರಾದರು.

"ಯಾರ ಜೋಡಿ ಜಗಳಾಗಿತ್ತು?" ಎಂದಳು ಹೆಂಡತಿ.